ವೈಡ್ ಲೆನ್ಸ್ ಇದೆ ಅಂದರು, ಅದರ ಮುಂದಿನ ಗಾಜಿನ ಸುದ್ದಿ ಎತ್ತಲಿಲ್ಲ

ಕ್ಯಾಮೆರಾ ಬಾಡಿಗೆಗೆ ಹಿಡಿದು ಡೈವಿಂಗ್ ಪ್ರವಾಸಕ್ಕೆ ಹೊರಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ರೂಮು, ದೋಣಿ, ಊಟದ ವಿಚಾರ ಬೇರೆ ಕಡೆ ಓದಿಕೊಳ್ಳಿ. ಜಾಗದ ಹೆಸರೂ ಬೇಡ. ನನಗೆ ಆದದ್ದು ಯಾವ ಸಮುದ್ರದಲ್ಲಾದರೂ ಆಗುವಂಥದ್ದೇ.

"ಒಳ್ಳೇ ವೈಡ್ ಲೆನ್ಸ್ ಇದೆ, ಹವಳದ ಗೋಡೆ ಪೂರ್ತಿ ಒಂದೇ ಫ್ರೇಮಲ್ಲಿ ಬರುತ್ತೆ" ಅಂತ ಬಾಡಿಗೆಯವರು ಮೊದಲೇ ಹೇಳಿದ್ದರು. ಫುಲ್‌ಫ್ರೇಮ್ ಕ್ಯಾಮೆರಾ, 16 ಎಂಎಂ ಲೆನ್ಸ್. ಅದರಲ್ಲಿ ಸುಳ್ಳಿಲ್ಲ. ಆದರೆ ಹೌಸಿಂಗಿನ (ಕ್ಯಾಮೆರಾಕ್ಕೆ ನೀರು ತಾಗದಂತೆ ಕಾಯುವ ಪೆಟ್ಟಿಗೆ) ಮುಂದೆ ಕೂರಿಸಿ ಕೊಟ್ಟದ್ದು ಚಪ್ಪಟೆ ಗಾಜು, ಅಂದರೆ ಫ್ಲಾಟ್ ಪೋರ್ಟ್. "ಡೋಮ್ ಇಲ್ವಾ?" ಅಂದೆ, ಗುಮ್ಮಟದಂತೆ ಉಬ್ಬಿದ ಗಾಜು ಅದು. "ಅದು ಬೇರೆಯವರ ಕೈಯಲ್ಲಿದೆ, ಇದರಲ್ಲೂ ಅಷ್ಟೇ ಚೆನ್ನಾಗಿ ಬರುತ್ತೆ" ಅಂದರು. ದುಡ್ಡು ಕಟ್ಟಿ ಆಗಿತ್ತು, ದೋಣಿಯ ಎಂಜಿನ್ ಶುರುವಾಗಿತ್ತು.

ಅಷ್ಟೇ ಚೆನ್ನಾಗಿ ಬರುವುದಿಲ್ಲ. ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಗ್ಗಿಸುವ ಅಳತೆ, ಸುಮಾರು 1.33. ನೀರಿನಿಂದ ಚಪ್ಪಟೆ ಗಾಜು ದಾಟಿ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ. ಹಾಗಾಗಿ ಎದುರಿಗಿರುವುದು ಮುಕ್ಕಾಲು ದೂರದಲ್ಲೇ ಇದ್ದಂತೆ, ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಮಾಸ್ಕ್ ಹಾಕಿ ಇಳಿದವರಿಗೆಲ್ಲ ಇದು ಗೊತ್ತು. ವೈಡ್ ಲೆನ್ಸಿಗೆ ಇದೇ ದೊಡ್ಡ ಹೊಡೆತ. ಗಾಳಿಯಲ್ಲಿ ಮೂಲೆಯಿಂದ ಮೂಲೆಗೆ 107 ಡಿಗ್ರಿ ನೋಡುವ ಆ 16 ಎಂಎಂ, ಚಪ್ಪಟೆ ಗಾಜಿನ ಹಿಂದೆ ಕೂತರೆ ನೀರಿನಲ್ಲಿ ಸುಮಾರು 74 ಡಿಗ್ರಿಗೆ ಇಳಿಯುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವುದು 28 ಎಂಎಂ ಲೆನ್ಸ್ ಅಂತಲೇ ಲೆಕ್ಕ. ಇನ್ನೆಷ್ಟೇ ಅಗಲದ ಲೆನ್ಸ್ ತಂದರೂ ಈ ಗಾಜಿನ ಹಿಂದೆ 97 ಡಿಗ್ರಿಯ ಆಸುಪಾಸಿನ ಮಿತಿಯನ್ನು ದಾಟಲಾಗದು.

ಅಗಲ ಕಮ್ಮಿಯಾದದ್ದಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಅಂಚಿಗೆ ಹೋದಷ್ಟೂ ಬೆಳಕು ಓರೆಯಾಗಿ ಬರುತ್ತದೆ, ಬಾಗುವುದೂ ಜಾಸ್ತಿ. ಮುಳುಗಿದ ಹಡಗೊಂದರ ಕಬ್ಬಿಣದ ಏಣಿಯ ಚಿತ್ರ ನನ್ನ ಹತ್ತಿರ ಇನ್ನೂ ಇದೆ. ಏಣಿ ಫ್ರೇಮಿನ ಎಡ ಅಂಚಲ್ಲಿದೆ. ಅದರ ನಡುಭಾಗ ಒಳಕ್ಕೆ ಬಾಗಿದೆ, ಎರಡು ತುದಿಗಳನ್ನು ಯಾರೋ ಮೂಲೆಗೆ ಹಿಡಿದು ಎಳೆದಂತಿದೆ. ಜೂಮ್ ಮಾಡಿದರೆ ಪ್ರತಿ ಮೆಟ್ಟಿಲಿನ ಒಂದು ಪಕ್ಕ ನೀಲಿ ಗೆರೆ, ಇನ್ನೊಂದು ಪಕ್ಕ ಕಿತ್ತಳೆ ಗೆರೆ. ಬಣ್ಣಗಳು ಬೇರೆ ಬೇರೆ ಕೋನದಲ್ಲಿ ಬಾಗುವುದರಿಂದ ಹೀಗಾಗುತ್ತದೆ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ನುಗ್ಗುವ ಕಂಡಿ) ಎಷ್ಟು ಕಿರಿದು ಮಾಡಿದರೂ ಈ ಗೆರೆ ಹೋಗುವುದಿಲ್ಲ. ಮನೆಗೆ ಬಂದು ಸಾಫ್ಟ್‌ವೇರಿನಲ್ಲಿ ಲೆನ್ಸಿನ ಬಾಗು ತಿದ್ದುವ ಲೆನ್ಸ್ ಪ್ರೊಫೈಲ್ ಒತ್ತಿದರೂ ಪ್ರಯೋಜನವಿಲ್ಲ. ಆ ಪ್ರೊಫೈಲ್ ಗಾಳಿಯಲ್ಲಿ ತೆಗೆದ ಚಿತ್ರಕ್ಕೆ ಮಾಡಿದ್ದು, ನೀರು ಮತ್ತು ಗಾಜು ಸೇರಿಸಿದ ವಕ್ರತೆ ಅದಕ್ಕೆ ಗೊತ್ತಿಲ್ಲ.

ನಡುವಿನ ದಿನಗಳ ಬಗ್ಗೆ ಬರೆಯುವಂಥದ್ದೇನಿಲ್ಲ.

ಪ್ರವಾಸ ಉಳಿಸಿದ್ದು ದೋಣಿಯಲ್ಲಿ ಜೊತೆಗಿದ್ದವರೊಬ್ಬರ, 180 ಡಿಗ್ರಿ ನೋಡುವ ಹಳೇ ಫಿಶ್‌ಐ ಲೆನ್ಸ್, ಅದಕ್ಕೊಂದು ಪುಟ್ಟ ಅಕ್ರಿಲಿಕ್ ಡೋಮ್. ಡೋಮ್ ತುಂಬ ಗೀರು. "ಯೋಚನೆ ಮಾಡ್ಬೇಡಿ, ನೀರಿಗಿಳಿದರೆ ಕಾಣಲ್ಲ" ಅಂದರು. ಮಾತು ನಿಜ. ನೀರು ಗೀರಿನೊಳಗೆ ತುಂಬಿಕೊಂಡರೆ ಸಣ್ಣಪುಟ್ಟವು ಮಾಯವಾಗುತ್ತವೆ. ಲೆನ್ಸಿನ ಎಂಟ್ರನ್ಸ್ ಪ್ಯೂಪಿಲ್ (ಮುಂದಿನಿಂದ ನೋಡಿದರೆ ಕಾಣುವ ಅಪರ್ಚರ್ ಕಂಡಿ) ಡೋಮಿನ ಕೇಂದ್ರದಲ್ಲಿ ಕೂತರೆ ಬೆಳಕು ಎಲ್ಲ ಕಡೆಯಿಂದ ಗಾಜಿಗೆ ನೇರವಾಗಿ ಬರುತ್ತದೆ. ಬಾಗುವ ಪ್ರಶ್ನೆಯೇ ಇಲ್ಲ, ಪೂರ್ತಿ 180 ಡಿಗ್ರಿ ಹಾಗೇ ಉಳಿಯುತ್ತದೆ. ಫಿಶ್‌ಐ ಗೆರೆಗಳನ್ನು ಬಿಲ್ಲಿನಂತೆ ಬಗ್ಗಿಸುತ್ತದೆ ಅಂತ ನೆಲದ ಮೇಲೆ ಬೈಯುತ್ತೇವಲ್ಲ, ಹವಳದ ಗುಡ್ಡದಲ್ಲಿ ನೇರ ಗೆರೆ ಎಲ್ಲಿದೆ? ಬಾಗಿದ್ದು ಕಣ್ಣಿಗೇ ಬೀಳುವುದಿಲ್ಲ. ಗಾಜು ಇನ್ನೇನು ತಾಗುತ್ತದೆ ಅನ್ನುವಷ್ಟು ಹತ್ತಿರ ಹೋಗಬಹುದು. ನಡುವೆ ನೀರು ಕಮ್ಮಿಯಾದಷ್ಟೂ ಬಣ್ಣ ಉಳಿಯುತ್ತದೆ, ಮಸುಕು ಕಮ್ಮಿ. ಹೊಸ ದುಬಾರಿ ಲೆನ್ಸಿಗಿಂತ ಈ ಗೀರು ಬಿದ್ದ ಜೋಡಿಯೇ ನನಗೆ ಸಾಕು.

ಮೊದಲು ಸಿಕ್ಕಿದ 16 ಎಂಎಂನಂಥ ರೆಕ್ಟಿಲೀನಿಯರ್ ವೈಡ್ ಲೆನ್ಸನ್ನೇ ಡೋಮಿನ ಹಿಂದೆ ಇಟ್ಟರೂ ಬೇರೆ ತಲೆನೋವು. ಅದು ಗೆರೆಗಳನ್ನು ನೇರ ಇಡುತ್ತದೆ, ಅದಕ್ಕೆ ಬದಲಾಗಿ ಅಂಚನ್ನು ಎಳೆಯುತ್ತದೆ. 16 ಎಂಎಂನ ಮೂಲೆಯಲ್ಲಿ ಚೆಂಡಿನಂಥ ವಸ್ತುವೂ ಅಗಲಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಉದ್ದವಾಗುತ್ತದೆ. ಮೂಲೆಯಲ್ಲಿ ಈಜುವವರ ತಲೆ ಮೊಟ್ಟೆಯಾಗುತ್ತದೆ. ಜೊತೆಗೆ ಡೋಮ್ ತೋರಿಸುವ ಬಿಂಬ ಬಟ್ಟಲಿನಂತೆ ಬಾಗಿರುತ್ತದೆ, ತೀರಾ ಹತ್ತಿರವೂ ಇರುತ್ತದೆ. ಡೋಮಿನ ತ್ರಿಜ್ಯ 10 ಸೆಂಟಿಮೀಟರ್ ಆದರೆ ಎಷ್ಟೋ ದೂರದ ಗೋಡೆಯೂ ಗಾಜಿನಿಂದ 30 ಸೆಂಟಿಮೀಟರ್ ಆಸುಪಾಸಿನಲ್ಲೇ ಇದ್ದಂತೆ ಲೆನ್ಸಿಗೆ ಕಾಣುತ್ತದೆ. ಅಷ್ಟು ಹತ್ತಿರ ಫೋಕಸ್ ಆಗದ ಲೆನ್ಸ್ ತಂದರೆ ಕೆಲಸ ಕೆಟ್ಟಿತು. ಫೋಕಸ್ ಆದರೂ ಮೂಲೆಗಳು ಮಸುಕಾಗುತ್ತವೆ. ಅಪರ್ಚರನ್ನು ಎಫ್ 8ರಿಂದ 13ರ ತನಕ ಕಿರಿದು ಮಾಡಿ, ದೊಡ್ಡ ಡೋಮ್ ಸಿಕ್ಕರೆ ಅದನ್ನೇ ಹಿಡಿಯಿರಿ. ಹಡಗು, ಕಂಬ, ಮೆಟ್ಟಿಲು ತೆಗೆಯುವುದೇ ಗುರಿಯಾದರೆ ಮಾತ್ರ ಈ ಕಷ್ಟ ಪಡಿ.

ಚಿತ್ರದಲ್ಲಿ ಜನ ಕಂಡರೆ ನನಗೆ ಆಗುವುದಿಲ್ಲ. 180 ಡಿಗ್ರಿಯ ಲೆನ್ಸಿಗೆ ಪಕ್ಕದವರ ಫಿನ್ನು, ಗುಳ್ಳೆ ಎಲ್ಲ ಬೇಕು. ಒಟ್ಟಿಗೆ ಹತ್ತಾರು ಮಂದಿ ಇಳಿಯುವ ಜಾಗಕ್ಕೆ ಫಿಶ್‌ಐ ಒಯ್ಯಬೇಡಿ. ಒಯ್ದರೆ ಗುಂಪಿನ ಕೊನೆಯವರಾಗಿ ಇಳಿಯಿರಿ.

ಸಣ್ಣ ಕ್ಯಾಮೆರಾದವರು ಪೋರ್ಟಿನ ಹೊರಗೆ ತಿರುಗಿಸಿ ಹಾಕುವ ವೆಟ್ ಲೆನ್ಸ್ ಕೇಳಬಹುದು. ನೀರಿಗಿಳಿದ ಮೇಲೆ ಒಮ್ಮೆ ಸಡಿಲ ಮಾಡಿ ಒಳಗಿನ ಗಾಳಿಗುಳ್ಳೆ ಬಿಡಿ, ಇಲ್ಲದಿದ್ದರೆ ಪ್ರತಿ ಚಿತ್ರದಲ್ಲೂ ಅದೇ ಗುಳ್ಳೆ.

ದುಡ್ಡು ಕಟ್ಟುವ ಮುಂಚೆ ಲೆನ್ಸಿನ ಹೆಸರಿನ ಜೊತೆ ಪೋರ್ಟ್ ಯಾವುದು, ಆ ಲೆನ್ಸಿಗೆ ಹೊಂದುವ ಎಕ್ಸ್‌ಟೆನ್ಷನ್ ರಿಂಗ್ (ಹೌಸಿಂಗಿಗೂ ಪೋರ್ಟಿಗೂ ನಡುವೆ ಹಾಕುವ ಬಳೆ) ಕೊಡುತ್ತಾರಾ ಎಂದು ಬರಹದಲ್ಲಿ ಕೇಳಿ. ರಿಂಗ್ ತಪ್ಪಾದರೆ ಲೆನ್ಸ್ ಡೋಮಿನ ಕೇಂದ್ರದಲ್ಲಿ ಕೂರುವುದಿಲ್ಲ. ಹತ್ತಿರ ಈಜುಕೊಳ ಇದ್ದರೆ ಹಿಂದಿನ ದಿನವೇ ಟೈಲ್ಸ್ ಗೋಡೆಯ ಎದುರು ಒಂದೆರಡು ಚಿತ್ರ ತೆಗೆಯಿರಿ. ಟೈಲ್ಸಿನ ಗೆರೆ ಎಷ್ಟು ಬಾಗಿದೆ, ಮೂಲೆ ಎಷ್ಟು ಮಸುಕಾಗಿದೆ ಎಂಬುದು ಅಲ್ಲೇ ಕಾಣುತ್ತದೆ, ಸೆಟ್ ಬದಲಾಯಿಸಿಕೊಳ್ಳಲು ಸಮಯವೂ ಇರುತ್ತದೆ.