ಅಕ್ಕ ತಂಗಿ ಹೊಂಡಕ್ಕೆ ಒಂದೇ ಸಾಲು

ಚಿತ್ರದುರ್ಗ ಕೋಟೆಯ ಫೋಟೊಗಳಿಗೆ ಇವತ್ತು ಒಂದು ಪುಟ್ಟ ವೆಬ್ ಪುಟ ಮಾಡಿದೆ.

ಪ್ರತಿ ಜಾಗಕ್ಕೂ ಪುಟದಲ್ಲಿ ಒಂದು ಚೌಕ, ಅಂದರೆ ಕಾರ್ಡ್. ಆ ಚೌಕಗಳ ಕೋಡನ್ನು ಒಂದೊಂದಾಗಿ ಕೈಯಿಂದ ಬರೆಯಲಿಲ್ಲ. ಬರೆದದ್ದು ಒಂದು ಪಟ್ಟಿ. ಪ್ರತಿ ಜಾಗಕ್ಕೂ ಹೆಸರು, ಚಿತ್ರ, ಚಿಕ್ಕ ವಿವರಣೆ. ಓಬವ್ವನ ಕಿಂಡಿ, ಗೋಪಾಲಸ್ವಾಮಿ ಹೊಂಡ, ಏಕನಾಥೇಶ್ವರಿ ಗುಡಿ. ಪಟ್ಟಿಯ ಮೇಲೆ ಲೂಪ್ (ಪ್ರತಿ ಸಾಲಿಗೂ ಅದೇ ಕೆಲಸ ಮಾಡುವ ಕೋಡ್) ಓಡುತ್ತದೆ, ಒಂದೊಂದಕ್ಕೂ ಒಂದು ಕಾರ್ಡ್ ಹುಟ್ಟುತ್ತದೆ.

ಅಕ್ಕ ತಂಗಿ ಹೊಂಡ ಆಮೇಲೆ ಸೇರಿಸಿದೆ. ಪಟ್ಟಿಗೆ ಒಂದು ಸಾಲು, ಅಷ್ಟೇ. ವಿನ್ಯಾಸ ಮುಟ್ಟಲೇ ಇಲ್ಲ!

ಪುಟದ ವಿನ್ಯಾಸ ಬರೆಯುವ ಭಾಷೆ ಸಿಎಸ್‌ಎಸ್, ಅದರಲ್ಲಿ ಕಾರ್ಡ್‌ಗಳನ್ನು ಸಾಲು-ಕಾಲಂಗಳಲ್ಲಿ ಜೋಡಿಸುವುದು ಗ್ರಿಡ್. ನನಗೆ ಜಾಸ್ತಿ ಹಿಡಿಸಿದ್ದು ಆ ಗ್ರಿಡ್‌ನ ಆಟೋ-ಫಿಲ್: ಜಾಗ ಹಿಡಿಸುವಷ್ಟು ಕಾಲಂ ತಾನೇ ಮಾಡುತ್ತದೆ. ಕಾರ್ಡ್ ಕನಿಷ್ಠ 160 ಪಿಕ್ಸೆಲ್ ಇರಲಿ, ಮಿಕ್ಕ ಜಾಗ ಸಮನಾಗಿ ಹಂಚಿಕೊಳ್ಳಲಿ ಅಂತ ಮಿನ್‌ಮ್ಯಾಕ್ಸ್‌ನಲ್ಲಿ (ಕನಿಷ್ಠ, ಗರಿಷ್ಠ ಅಗಲ ಹೇಳುವ ಸೂಚನೆ) ಹೇಳಿದರೆ ಸಾಕು. ಫೋನಿನಲ್ಲಿ ಎರಡು ಕಾಲಂ, ಲ್ಯಾಪ್‌ಟಾಪಿನಲ್ಲಿ ತಾನೇ ಹೆಚ್ಚಾಗುತ್ತದೆ. ಪರದೆಯ ಅಳತೆಗೆ ತಕ್ಕಂತೆ ಬೇರೆ ಬೇರೆ ನಿಯಮ ಬರೆಯುವ ಮೀಡಿಯಾ ಕ್ವೆರಿ ಒಂದೂ ಬೇಡ. ಇದರ ಬದಲು ಆಟೋ-ಫಿಟ್ ಅಂತ ಬರೆದರೆ, ಕಾರ್ಡ್ ಕಡಿಮೆ ಇದ್ದಾಗ ಖಾಲಿ ಕಾಲಂಗಳು ಮುಚ್ಚಿಕೊಂಡು, ಇರುವವು ಹಿಗ್ಗುತ್ತವೆ. ಓಬವ್ವನ ಕಿಂಡಿಯಂಥ ಇಕ್ಕಟ್ಟು ಜಾಗವನ್ನು ಅಷ್ಟಗಲ ಎಳೆದು ತೋರಿಸೋಕೆ ನನಗೆ ಮನಸ್ಸಿಲ್ಲ.

ಕೋಟೆಯ ಮೂಲೆಮೂಲೆ ಬಲ್ಲವರು ನಮ್ಮೂರಲ್ಲಿ ಎಷ್ಟೊಂದು ಜನ. ಅವರಿಗೆ ಕೋಡ್ ಬರಬೇಕಿಲ್ಲ, ಒಂದು ಸಾಲು ಹೇಳಿದರೆ ಆಯ್ತು ಅಲ್ವಾ? ಕೋಟೆಯೊಳಗಿನ ತಣ್ಣೀರು ದೋಣಿಯ ಒಳ್ಳೆ ಫೋಟೊ ಇದ್ದವರು ಕಳಿಸಿ, ರಾತ್ರಿಯೇ ಸೇರಿಸುತ್ತೇನೆ.