ಹುಲಿ ಅಂದರೆ ಉತ್ತರ ಮುಗೀತಾ?
ಇವತ್ತು ಐದನೇ ಕ್ಲಾಸಿಗೆ ಬಂಡೀಪುರದ ಹುಲಿ, ಜಿಂಕೆಗಳ ಬಗ್ಗೆ ಒಂದು ಪುಟ ಓದಿಸಿ, ಮುಖ್ಯ ವಿಚಾರ ಒಂದೇ ಸಾಲಲ್ಲಿ ಹೇಳಿ ಅಂದೆ. ಎಲ್ಲರೂ ಒಟ್ಟಿಗೆ, "ಹುಲಿ!" ಅದು ವಿಷಯ ಕಣ್ರೋ, ಹುಲಿ ಬಗ್ಗೆ ಪುಟ ಏನು ಹೇಳುತ್ತಿದೆ? ಪಟ್ಟೆ ಬಂತು, ಉಗುರು ಬಂತು, ಒಬ್ಬನ ಮಾವನ ಸಫಾರಿ ಕಥೆಯೂ ಬಂತು. ಆಮೇಲೆ ಕೊನೆ ಬೆಂಚಿನ ಹುಡುಗಿ, ಮರದ ಮೇಲಿನ ಮುಸುವ ಹುಲಿ ಕಂಡು ಕೂಗಿದರೆ ಕೆಳಗೆ ಮೇಯುವ ಜಿಂಕೆಗಳು ಎಚ್ಚರ ಆಗುತ್ತವೆ ಅನ್ನೋ ಸಾಲಿನ ಮೇಲೆ ಬೆರಳಿಟ್ಟು, "ಹುಲಿಗೆ ಊಟ ಸುಲಭಕ್ಕೆ ಸಿಗಲ್ಲ, ಅಷ್ಟೇ ಅಲ್ವಾ ಮಿಸ್" ಅಂದಳು. ಪಟ್ಟೆ, ಹೊಂಚು, ಕೂಗು ಎಲ್ಲ ಆ ಸಾಲಿನೊಳಗೆ ಕೂತುಬಿಟ್ಟವು. ನಾನು ಬರೆದಿಟ್ಟುಕೊಂಡಿದ್ದ ಉತ್ತರ ಇದಕ್ಕಿಂತ ಉದ್ದ ಇತ್ತು. ಸುಮ್ನೆ ಹೊಡೆದುಹಾಕಿದೆ.