ಥೆರಪಿಸ್ಟ್ ನನ್ನನ್ನು ಓಡಿಸಿದ ದಿನ

ಥೆರಪಿ ಅಂದರೆ ಒಬ್ಬರ ಮುಂದೆ ಕೂತು ಗೋಳು ತೋಡಿಕೊಳ್ಳುವುದು, ಅವರು ತಲೆಯಾಡಿಸಿ ನಾಲ್ಕು ಬುದ್ಧಿಮಾತು ಹೇಳುವುದು ಅಂದುಕೊಂಡಿದ್ದೆ. ಆ ದಿನ ಮೇಡಂ ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ, "ಬನ್ನಿ, ನಿಂತಲ್ಲೇ ಓಡಿ" ಎಂದರು.

ನನಗಿದ್ದದ್ದು ಪ್ಯಾನಿಕ್ ಅಟ್ಯಾಕ್. ಇದ್ದಕ್ಕಿದ್ದಂತೆ ಎದೆ ಡವಡವ, ಕೈಯೆಲ್ಲ ಬೆವರು, ಈಗಲೇ ಪ್ರಾಣ ಹೋಗುತ್ತದೆ ಅನ್ನುವ ಭಯ. ಹೃದಯದ ಪರೀಕ್ಷೆಗಳಲ್ಲಿ ಏನೂ ಸಿಗದೆ ಹೋದಾಗ ಡಾಕ್ಟರೇ ಇವರ ಹತ್ತಿರ ಕಳಿಸಿದ್ದರು. ಮೊದಲ ಭೇಟಿ ಪೂರ್ತಿ ಪ್ರಶ್ನೆಗಳಲ್ಲೇ ಮುಗಿಯಿತು. ಯಾವಾಗ ಶುರುವಾಯಿತು, ನಿದ್ದೆ ಹೇಗಿದೆ, ಸಾಯಬೇಕು ಅನ್ನಿಸಿದ್ದುಂಟಾ. ಹೇಳಿದ್ದು ಹೊರಗೆ ಹೋಗುವುದಿಲ್ಲ, ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆ ಅಂತ ಆಗಲೇ ಬಿಡಿಸಿ ಹೇಳಿದ್ದರು. ಮಾತ್ರೆ ಬೇಕಾದರೆ ಮನೋವೈದ್ಯರನ್ನೂ ಜೊತೆಯಲ್ಲೇ ನೋಡಬಹುದು ಎಂದಿದ್ದರು. ನನಗೆ ಬೇಕಾಗಲಿಲ್ಲ.

ಸರಿ, ಓಡಿದೆ. ಎದೆ ಬಡಿದುಕೊಳ್ಳತೊಡಗಿತು, ಅದರ ಹಿಂದೆಯೇ ಆ ಹಳೇ ಭಯ. ಕೂರಲು ಹೋದೆ.

"ಕೂರಬೇಡಿ. ನಾಡಿ ಹಿಡಿದೂ ನೋಡಬೇಡಿ. ಸುಮ್ನೆ ನಿಂತಿರಿ. ಭಯ ಹತ್ತಕ್ಕೆ ಎಷ್ಟಿದೆ?"

"ಎಂಟು."

"ಏನಾಗುತ್ತೆ ಅನ್ನಿಸ್ತಿದೆ?"

"ಬಿದ್ದುಬಿಡ್ತೀನಿ ಮೇಡಂ."

"ನೋಡೋಣ ಇರಿ."

ಮನಸ್ಸಿನಲ್ಲೇ ಅವರನ್ನು ಬೈದುಕೊಂಡೆ. ಆದರೆ ಬೀಳಲಿಲ್ಲ. ಎಂಟಿದ್ದದ್ದು ಆರಾಯಿತು, ಆಮೇಲೆ ಮೂರು. ಮತ್ತೆ ಓಡಿಸಿದರು. ಸಣ್ಣ ಸ್ಟ್ರಾದಲ್ಲಿ ಉಸಿರಾಡಿಸಿದರು. ತಿರುಗುವ ಕುರ್ಚಿಯಲ್ಲಿ ಕೂರಿಸಿ ಗಿರಗಿರ ತಿರುಗಿಸಿದರು. ಯಾರಾದರೂ ಬಾಗಿಲು ತೆರೆದಿದ್ದರೆ ಯಾರಿಗೆ ಥೆರಪಿ ಬೇಕು ಅಂತ ಗೊತ್ತಾಗುತ್ತಿರಲಿಲ್ಲ!

ಇದರ ಲೆಕ್ಕ ಸರಳ. ಎದೆ ಜೋರಾಗಿ ಬಡಿದರೆ ನಾನು ಹೆದರುತ್ತೇನೆ, ಹೆದರಿದರೆ ಎದೆ ಇನ್ನೂ ಜೋರಾಗಿ ಬಡಿಯುತ್ತದೆ. ಅಲ್ಲಿಂದ ಎದ್ದು ಓಡಿಹೋದಾಗಲೆಲ್ಲ, ಓಡಿದ್ದಕ್ಕೇ ಬದುಕಿದೆ ಅಂತ ತಲೆ ನಂಬಿಬಿಡುತ್ತದೆ. ಓಡಿಹೋಗದೆ ನಿಂತರೆ ಮಾತ್ರ ಏನೂ ಆಗುವುದಿಲ್ಲ ಅಂತ ಅದಕ್ಕೆ ಗೊತ್ತಾಗುವುದು. ಈ ಬಗೆಯ ಥೆರಪಿಯನ್ನು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ), ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಚಿಕಿತ್ಸೆ ಅನ್ನುತ್ತಾರೆ. 1960ರ ದಶಕದಲ್ಲಿ ಇದಕ್ಕೆ ಅಡಿಪಾಯ ಹಾಕಿದವರಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಮುಖ್ಯರು. ಎಲ್ಲ ಥೆರಪಿಯೂ ಹೀಗಿರುವುದಿಲ್ಲ. ಬರೀ ಮಾತಿನಲ್ಲೇ, ಬಾಲ್ಯದವರೆಗೂ ಹಿಂದೆ ಹೋಗುವ ಬಗೆಯೂ ಇದೆ. ನನ್ನ ತೊಂದರೆಗೆ ಇದು ಹೊಂದಿತು, ಅಷ್ಟೇ.

ಸೆಷನ್ನಿಗಿಂತ ಜಾಸ್ತಿ ಕಷ್ಟವಾದದ್ದು ಹೋಂವರ್ಕ್. ಓಟವನ್ನು ದಿನಾ ಒಬ್ಬಳೇ ಮಾಡಬೇಕು, ಪ್ರತಿ ಸಲ ಏನಾಗುತ್ತದೆ ಅಂದುಕೊಂಡೆ, ನಿಜವಾಗಿ ಏನಾಯಿತು ಅಂತ ಪುಸ್ತಕದಲ್ಲಿ ಬರೆಯಬೇಕು. ಮೊದಮೊದಲು ಸುಧಾರಿಸುವ ಬದಲು ಸುಸ್ತೂ ಸಿಡುಕೂ ಹೆಚ್ಚಾದವು. ಹಾಗಾಗುವುದುಂಟು ಅಂತ ಮೇಡಂ ಮುಂಚೆಯೇ ಹೇಳದಿದ್ದರೆ ಬಹುಶಃ ಬಿಟ್ಟೇಬಿಡುತ್ತಿದ್ದೆ.

ಮುಂದಿನ ಸಲ ಹೋದವಳೇ, ಆ ದಿನ ನಿಮ್ಮ ಮೇಲೆ ಸಿಟ್ಟು ಬಂದಿತ್ತು ಎಂದುಬಿಟ್ಟೆ. ಅವರಿಗೆ ಬೇಸರವಾಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು, ಎಲ್ಲಿ ಜಾಸ್ತಿ ಆಯ್ತು ಹೇಳಿ" ಅಂತ ಕೇಳಿದರು. ನಮಗೆ ಹೀಗೆ ಬಿಚ್ಚಿ ಹೇಳಿಕೊಳ್ಳಲು ಆಗದ ಥೆರಪಿಸ್ಟ್ ಹತ್ತಿರ ಹೋಗಿ ಪ್ರಯೋಜನವಿಲ್ಲ, ಬೇರೆಯವರನ್ನು ನೋಡಿಕೊಳ್ಳುವುದೇ ವಾಸಿ. ಆಮೇಲೆ ಇಬ್ಬರೂ ಕೂತು, ಭಯಕ್ಕೆ ನಾನು ಹೋಗದೆ ತಪ್ಪಿಸಿಕೊಳ್ಳುತ್ತಿದ್ದ ಜಾಗಗಳನ್ನು ಸುಲಭದಿಂದ ಕಷ್ಟಕ್ಕೆ ಪಟ್ಟಿ ಮಾಡಿದೆವು. ಕೊನೆಯದು ಅದೇ ಕಟ್ಟಡದ ಲಿಫ್ಟು. ಅಲ್ಲಿಯವರೆಗೂ ನಾನು ಮೆಟ್ಟಿಲು ಹತ್ತಿಯೇ ಬರುತ್ತಿದ್ದೆ ಅಂತ ಅವರಿಗೆ ಅವತ್ತೇ ಗೊತ್ತಾದದ್ದು.